ವಪೆಯ ರಂಧ್ರವೂ ವರ್ಣತಂತುಗಳ ಸಾಕ್ಷ್ಯವೂ

ಅಥಣಿ ತಾಲೂಕಿನ ಯಾವುದೋ ಹಳ್ಳಿಯಿಂದ ಐದು ತಿಂಗಳ ಗರ್ಭಿಣಿಯೊಬ್ಬಳು ಗಂಡನನ್ನೂ ಅತ್ತೆಯನ್ನೂ ಕೂಡಿಕೊಂಡು ಸ್ಕ್ಯಾನ್ ಮಾಡಿಸಲು ಬಂದಿದ್ದಾಳೆಂದು ಭಾವಿಸೋಣ. ಶಿಶುವಿನ ಜಠರವು ಹೊಟ್ಟೆಯಲ್ಲಿರದೆ ಎದೆಗೂಡಿನೊಳಗೆ, ಹೃದಯದ ಪಕ್ಕದಲ್ಲಿಯೇ ಕಾಣಿಸುತ್ತದೆ. ಹೃದಯವು ಬಲಕ್ಕೆ ಸರಿದುಹೋಗಿದೆ. ವೈದ್ಯರು ಸಂಗತಿಯನ್ನು ತಿಳಿಸಿದೊಡನೆ ಅತ್ತೆಯ ಬಾಯಿಂದ ಬರುವ ಪ್ರಶ್ನೆ ಒಂದೇ: "ಸಾಹೇಬ್ರ, ಆಪರೇಶನ್ ಮಾಡಿದ್ರ ಕೂಸು ಉಳೀತೈತೇನ್ರಿ?"

ಪ್ರಶ್ನೆ ಸಹಜವಾದುದೇ. ಆದರೆ ಅದಕ್ಕೆ ಉತ್ತರ ಕೊಡುವುದಕ್ಕೆ ಮೊದಲು ಇನ್ನೊಂದನ್ನು ತಿಳಿಯಬೇಕಾಗಿದೆ: ಈ ಶಿಶುವಿನ ವರ್ಣತಂತುಗಳು ಸರಿಯಾಗಿವೆಯೆ? ಇದನ್ನು ತಿಳಿಯದೆ ಹೇಳುವ ಧೈರ್ಯದ ಮಾತೂ ನಿರಾಶೆಯ ಮಾತೂ ಎರಡೂ ಬರಿಯ ಊಹೆಯೇ ಆಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತೆ ಬಾಗಿರುವ ಸ್ನಾಯುವಿನ ತೆರೆಗೆ ವಪೆ ಎಂದು ಹೆಸರು. ಗರ್ಭದಲ್ಲಿ ಅದು ಒಮ್ಮೆಗೇ ಮೂಡುವುದಿಲ್ಲ. ಬೇರೆ ಬೇರೆ ಪದರಗಳು ಬೆಳೆದು ಒಂದನ್ನೊಂದು ಕೂಡಿಕೊಂಡು, ಮೂರನೆಯ ತಿಂಗಳು ಮುಗಿಯುವುದರೊಳಗೆ ತೆರೆ ಪೂರ್ಣವಾಗುತ್ತದೆ. ಈ ಕೂಡುವಿಕೆ ಎಲ್ಲಿಯಾದರೂ ತಪ್ಪಿದರೆ ಅಲ್ಲಿ ರಂಧ್ರ ಉಳಿಯುತ್ತದೆ. ಪ್ರಾಗ್ ನಗರದ ಅಂಗರಚನಾಶಾಸ್ತ್ರಜ್ಞ ಬೊಖ್ಡಾಲೆಕ್ 1848ರಲ್ಲಿ ವರ್ಣಿಸಿದ ಹಿಂಬದಿಯ ರಂಧ್ರವೇ ಇವುಗಳಲ್ಲಿ ಸಾಮಾನ್ಯವಾದುದು. ಐದರಲ್ಲಿ ನಾಲ್ಕು ಸಲ ಅದು ಎಡಗಡೆಯಲ್ಲಿರುತ್ತದೆ. ಸುಮಾರು 3,000 ಶಿಶುಗಳಲ್ಲಿ ಒಂದಕ್ಕೆ ಈ ದೋಷ ಇರುವುದುಂಟು. ಕರುಳು, ಜಠರ, ಕೆಲವೊಮ್ಮೆ ಯಕೃತ್ತು ಕೂಡ ಆ ಹಾದಿಯಾಗಿ ಮೇಲೇರಿ ಎದೆಯನ್ನು ತುಂಬಿಕೊಳ್ಳುತ್ತವೆ. ಶ್ವಾಸಕೋಶಗಳಿಗೆ ಬೆಳೆಯಲು ಎಡೆ ದೊರೆಯುವುದಿಲ್ಲ. ಹುಟ್ಟಿದ ಮೇಲೆ ಶಸ್ತ್ರವೈದ್ಯನು ರಂಧ್ರವನ್ನು ಮುಚ್ಚಬಲ್ಲನು; ಬೆಳೆಯದೆ ಉಳಿದ ಶ್ವಾಸಕೋಶವನ್ನು ಹೊಲಿಗೆಯಿಂದ ಬೆಳೆಸಲಾರನು.

ಅಥಣಿಯ ಚಪ್ಪಲಿಗಳನ್ನು ಅರಿಯದವರಾರು? ತೊಗಲಿನ ಕೆಲಸ ಬಲ್ಲ ಕುಶಲಕರ್ಮಿಗೆ ಎರಡು ಬಗೆಯ ದೋಷಗಳು ಗೊತ್ತು. ಹೊಲಿಗೆ ಒಂದೆಡೆ ಬಿಟ್ಟಿದ್ದರೆ ಆ ಜೋಡನ್ನು ಮತ್ತೆ ಹೊಲಿದರಾಯಿತು. ತೊಗಲನ್ನು ಕತ್ತರಿಸಿದ ಅಳತೆಯೇ ತಪ್ಪಿದ್ದರೆ ಅಟ್ಟೆ, ಪಟ್ಟಿ, ಉಂಗುಟ ಎಲ್ಲವೂ ತಪ್ಪುತ್ತವೆ. ಒಂದು ಹೊಲಿಗೆಯನ್ನು ಸರಿಪಡಿಸಿ ಫಲವಿಲ್ಲ. ವಪೆಯ ರಂಧ್ರವೂ ಹೀಗೆಯೇ. ಬಹಳಷ್ಟು ಶಿಶುಗಳಲ್ಲಿ ಅದು ಬಿಟ್ಟುಹೋದ ಹೊಲಿಗೆ ಮಾತ್ರ. ಕೆಲವರಲ್ಲಿ ಮಾತ್ರ ದೇಹದ ಅಳತೆಯನ್ನು ನಿರ್ಣಯಿಸುವ ವರ್ಣತಂತುಗಳಲ್ಲಿಯೇ ವ್ಯತ್ಯಾಸವಿರುತ್ತದೆ.

ಮಾನವನ ಜೀವಕೋಶದಲ್ಲಿ 46 ವರ್ಣತಂತುಗಳಿವೆ ಎಂದು ಚಿಯೊ ಮತ್ತು ಲೆವಾನ್ ತೋರಿಸಿಕೊಟ್ಟದ್ದು 1956ರಲ್ಲಿ. ಡೌನ್ ಲಕ್ಷಣಾವಳಿಯಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರು ಇರುತ್ತದೆಂದು 1959ರಲ್ಲಿ ಫ್ರಾನ್ಸಿನಿಂದ ಪ್ರಕಟವಾಯಿತು. ಮರುವರ್ಷವೇ ಎಡ್ವರ್ಡ್ಸ್ 18ನೆಯದರಲ್ಲಿಯೂ ಪಟಾವ್ 13ನೆಯದರಲ್ಲಿಯೂ ಇಂಥದೇ ಹೆಚ್ಚಳವನ್ನು ಕಂಡರು. ವಪೆಯ ರಂಧ್ರದೊಡನೆ ಹೆಚ್ಚಾಗಿ ಕಾಣುವ ಹೆಚ್ಚಳವು 18ನೆಯದು. ಅಂತಹ ಶಿಶುಗಳಲ್ಲಿ ಬಹುಪಾಲು ಒಂದು ವರ್ಷವನ್ನೂ ಪೂರೈಸುವುದಿಲ್ಲ. 12ನೆಯ ವರ್ಣತಂತುವಿನ ಗಿಡ್ಡ ತೋಳುಗಳೆರಡು ಸೇರಿದ ಹೆಚ್ಚುವರಿ ತಂತುವಿನಿಂದ ಪ್ಯಾಲಿಸ್ಟರ್–ಕಿಲಿಯನ್ ಲಕ್ಷಣಾವಳಿ ಉಂಟಾಗುತ್ತದೆ. 8ನೆಯ ಅಥವಾ 15ನೆಯ ವರ್ಣತಂತುವಿನ ಒಂದು ಚೂರು ಕಳೆದುಹೋದಾಗಲೂ ವಪೆ ಕೂಡಿಕೊಳ್ಳದಿರುವುದುಂಟು. ಗರ್ಭದಲ್ಲಿ ಗುರುತಿಸಿದ ಇಂತಹ ಶಿಶುಗಳಲ್ಲಿ ಸಾಮಾನ್ಯವಾಗಿ 100ಕ್ಕೆ 10ರಿಂದ 20ರಷ್ಟರಲ್ಲಿ ವರ್ಣತಂತುಗಳ ದೋಷ ದೊರೆತಿದೆ. ಹೃದಯವೇ ಮೊದಲಾದ ಬೇರೆ ಅಂಗಗಳಲ್ಲಿಯೂ ದೋಷವಿದ್ದರೆ ಈ ಪ್ರಮಾಣ ಏರುತ್ತದೆ. ರಂಧ್ರ ಒಂದೇ ಇದ್ದರೆ ಇಳಿಯುತ್ತದೆ.

ಇದನ್ನು ತಿಳಿಯಲು ಗರ್ಭಜಲವನ್ನು ಸೂಜಿಯಿಂದ ಸ್ವಲ್ಪ ತೆಗೆದು ಅದರಲ್ಲಿರುವ ಶಿಶುವಿನ ಕೋಶಗಳನ್ನು ಪರೀಕ್ಷಿಸಬೇಕು. ಇದರಿಂದ ಗರ್ಭಕ್ಕೆ ಒದಗುವ ಅಪಾಯ 100ಕ್ಕೆ ಒಂದಕ್ಕಿಂತ ಕಡಿಮೆ. 13, 18, 21ನೆಯ ತಂತುಗಳ ಸಂಗತಿ ಕೆಲವೇ ದಿನಗಳಲ್ಲಿ ತಿಳಿಯುತ್ತದೆ. ಕೋಶಗಳನ್ನು ಬೆಳೆಸಿ ಎಲ್ಲ ತಂತುಗಳನ್ನೂ ಎಣಿಸಲು ಎರಡು ವಾರಗಳಾದರೂ ಬೇಕು. ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಸಣ್ಣ ಚೂರಿನ ನಷ್ಟವನ್ನು ಮೈಕ್ರೊಅರೇ ಎಂಬ ವಿಧಾನವು ಹಿಡಿಯುತ್ತದೆ. ತಾಯಿಯ ರಕ್ತವನ್ನಷ್ಟೇ ನೋಡುವ ಪರೀಕ್ಷೆ ಇಲ್ಲಿ ಸಾಲದು. ಪ್ಯಾಲಿಸ್ಟರ್–ಕಿಲಿಯನ್ ದೋಷವಂತೂ ಹುಟ್ಟಿದ ಶಿಶುವಿನ ರಕ್ತದಲ್ಲಿಯೂ ಮರೆಯಾಗಿದ್ದು, ಚರ್ಮದ ಕೋಶಗಳಲ್ಲಿ ಮಾತ್ರ ಕಾಣಿಸಿಕೊಳ್ಳಬಹುದು.

"ಪರೀಕ್ಷೆಯೆಂದರೆ ಗರ್ಭವನ್ನು ತೆಗೆಸುವುದಕ್ಕೊಂದು ನೆಪ" ಎಂದು ಆಕ್ಷೇಪಿಸುವವರಿದ್ದಾರೆ. ನಾನು ಒಪ್ಪಲಾರೆ. 100ರಲ್ಲಿ 80ಕ್ಕೂ ಹೆಚ್ಚು ಕುಟುಂಬಗಳಿಗೆ ಈ ಪರೀಕ್ಷೆ ತರುವುದು ಭರವಸೆಯ ವಾರ್ತೆಯನ್ನೇ. ವರ್ಣತಂತುಗಳು ಸರಿಯಾಗಿದ್ದು ರಂಧ್ರವೊಂದೇ ದೋಷವಾದಲ್ಲಿ, ಸುಸಜ್ಜಿತ ಕೇಂದ್ರಗಳಲ್ಲಿ ಬಹುಪಾಲು ಶಿಶುಗಳು ಬದುಕುತ್ತವೆ. ಎಡಗಡೆಯ ತೀವ್ರ ದೋಷವುಳ್ಳ ಶಿಶುಗಳ ಶ್ವಾಸನಾಳವನ್ನು ಗರ್ಭದಲ್ಲಿಯೇ ಪುಟ್ಟ ಬಲೂನಿನಿಂದ ಕೆಲವು ವಾರ ಮುಚ್ಚಿ ನೋಡಿದ ಪ್ರಯೋಗವೊಂದು 2021ರಲ್ಲಿ ಪ್ರಕಟವಾಯಿತು. ಬದುಕಿದವರು 100ಕ್ಕೆ 15ರಿಂದ 40ಕ್ಕೆ ಏರಿದರು. ಬೇರಾವ ದೊಡ್ಡ ದೋಷವೂ ಇಲ್ಲದ ಶಿಶುಗಳನ್ನು ಮಾತ್ರವೇ ಅದಕ್ಕೆ ಆರಿಸಿಕೊಂಡಿದ್ದರು. ಹೀಗೆ ಚಿಕಿತ್ಸೆಯ ಬಾಗಿಲು ತೆರೆಯುವುದೂ ಈ ಪರೀಕ್ಷೆಯಿಂದಲೇ. ದೋಷ ಸಿಕ್ಕಿದರೂ ನಿರ್ಧಾರ ತಾಯಿಯದು. ಗರ್ಭವನ್ನು ಮುಂದುವರಿಸುವವಳಿಗೆ ಹೆರಿಗೆ ಎಲ್ಲಿ, ಶಿಶುವಿನ ಆರೈಕೆ ಹೇಗೆ ಎಂದು ಮೊದಲೇ ಯೋಚಿಸಲು ಅವಕಾಶ ದೊರೆಯುತ್ತದೆ. ತಂದೆತಾಯಿಗಳಲ್ಲಿ ಒಬ್ಬರ ವರ್ಣತಂತುಗಳು ಸ್ಥಳ ಬದಲಿಸಿಕೊಂಡಿದ್ದರೆ ಮುಂದಿನ ಬಸಿರಿಗೂ ಎಚ್ಚರಿಕೆ ಸಿಗುತ್ತದೆ.

ಆದರೆ ಅಥಣಿಯಲ್ಲಿ ದೊಡ್ಡ ಅಡ್ಡಿ ಕಾಲದ್ದು. ಮಿರಜದಲ್ಲಿ 1962ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ. ಬೆಳಗಾವಿಯಲ್ಲಿ 1963ರಿಂದ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜಿದೆ. ಒಂದು ರಾಜ್ಯದ ಗಡಿಯಾಚೆ, ಇನ್ನೊಂದು ನೂರು ಕಿಲೋಮೀಟರಿಗೂ ಮೀರಿದ ದೂರ. ಕಬ್ಬಿನ ಹಂಗಾಮು ಮುಗಿಯಲಿ ಎಂದು ಸ್ಕ್ಯಾನನ್ನು ಮುಂದೂಡಿದರೆ ಆರನೆಯ ತಿಂಗಳು ಬಂದುಬಿಡುತ್ತದೆ. 2021ರ ತಿದ್ದುಪಡಿಯ ಮೇರೆಗೆ, ಇಂತಹ ತೀವ್ರ ದೋಷಗಳಲ್ಲಿ ಗರ್ಭಪಾತಕ್ಕೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು. ಆಮೇಲೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. 23ನೆಯ ವಾರದಲ್ಲಿ ರಂಧ್ರ ಕಂಡವಳಿಗೆ ಎರಡು ವಾರದ ಪರೀಕ್ಷೆಗೆ ವೇಳೆ ಎಲ್ಲಿದೆ?

ಆದುದರಿಂದ ಆಗಬೇಕಾದುವು ಮೂರು. ತಾಲೂಕಿನ ಪ್ರತಿಯೊಬ್ಬ ಗರ್ಭಿಣಿಗೂ 18ರಿಂದ 20ನೆಯ ವಾರದೊಳಗೆ ಅಂಗಾಂಗಗಳ ಸ್ಕ್ಯಾನ್ ಆಗಬೇಕು. ಆಶಾ ಕಾರ್ಯಕರ್ತೆಯು ಲಸಿಕೆಯ ದಿನದಂತೆಯೇ ಈ ದಿನವನ್ನೂ ನೆನಪಿಸಬೇಕು. ದೋಷ ಕಂಡ ವಾರದಲ್ಲಿಯೇ ಗರ್ಭಜಲವನ್ನು ತೆಗೆದು ದೂರದ ಪ್ರಯೋಗಾಲಯಕ್ಕೆ ಕಳುಹಿಸುವ ಏರ್ಪಾಡಿರಬೇಕು. ಪಯಣಿಸಬೇಕಾದದ್ದು ಸೀಸೆಯೇ ಹೊರತು ಗರ್ಭಿಣಿಯಲ್ಲ. ಬಂದ ಫಲಿತಾಂಶವನ್ನು ಅವಳ ಮನೆಮಾತಿನಲ್ಲಿ, ಕನ್ನಡವಿರಲಿ ಮರಾಠಿಯಿರಲಿ, ಕುಳಿತು ವಿವರಿಸುವವರಿರಬೇಕು. ಗರ್ಭಲಿಂಗವನ್ನು ತಿಳಿಸುವುದನ್ನು ನಿಷೇಧಿಸಿದ 1994ರ ಕಾನೂನೇ, ಗರ್ಭಿಣಿಯ ಲಿಖಿತ ಒಪ್ಪಿಗೆಯ ಮೇಲೆ ನೋಂದಾಯಿತ ಕೇಂದ್ರಗಳಲ್ಲಿ ವರ್ಣತಂತುಗಳ ಪರೀಕ್ಷೆಗೆ ಅನುಮತಿ ಕೊಟ್ಟಿದೆ. ಹೆದರುವ ಕಾರಣವಿಲ್ಲ.

ಕೊನೆಯದಾಗಿ ಒಂದು ಮಾತು. ಇಂತಹ ಮಗು ಹುಟ್ಟಿದಾಗ ಗ್ರಹಣದ ದಿನ ಸೊಸೆ ಹೊರಗೆ ಬಂದಳೆಂದೋ, ಕುಡುಗೋಲು ಹಿಡಿದಳೆಂದೋ ದೂರುವ ಮನೆಗಳು ಇನ್ನೂ ಇವೆ. ಮೂರು ಪ್ರತಿಯಾದ ವರ್ಣತಂತು ಬಹುತೇಕ ಅಂಡವೋ ವೀರ್ಯಾಣುವೋ ರೂಪುಗೊಳ್ಳುವಾಗಲೇ, ಅಂದರೆ ಬಸಿರು ನಿಲ್ಲುವುದಕ್ಕೂ ಮೊದಲೇ, ತಪ್ಪಿದ ಲೆಕ್ಕ. ಅದರಲ್ಲಿ ಆ ಹೆಣ್ಣುಮಗಳ ಅಪರಾಧ ಎಳ್ಳಷ್ಟೂ ಇಲ್ಲ. ಅತ್ತೆಯ ಪ್ರಶ್ನೆಗೆ ಸತ್ಯವಾದ ಉತ್ತರ ದೊರೆಯುವ ದಿನ, ಸೊಸೆಯ ತಲೆಯ ಮೇಲಿನ ಈ ಅಪವಾದವೂ ಇಳಿಯುವುದು.