ಹೊಗೆಕೊಳವೆಗಳು ಮರಳಿ ಎದ್ದವು, ಬಡವರ ಮನೆಗಳೆಲ್ಲಿ?

ಲಂಡನ್ನಿನ ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿರುವ ಬ್ಯಾಟರ್‌ಸೀ ವಿದ್ಯುತ್ ಸ್ಥಾವರವು ಅರ್ಧ ಶತಮಾನ ಆ ನಗರಕ್ಕೆ ಬೆಳಕು ನೀಡಿತು. 1948ರ ರಾಷ್ಟ್ರೀಕರಣದೊಂದಿಗೆ ಅದು ಜನರ ಸ್ವತ್ತಾಯಿತು. 1983ರಲ್ಲಿ ಅದರ ಯಂತ್ರಗಳು ಮೌನವಾದವು. 1987ರಲ್ಲಿ ಸರಕಾರಿ ವಿದ್ಯುತ್ ಮಂಡಳಿ ಅದನ್ನು 15 ಲಕ್ಷ ಪೌಂಡಿಗೆ ಖಾಸಗಿಯವರಿಗೆ ಮಾರಿತು. ಮನೋರಂಜನಾ ಉದ್ಯಾನದ ಕನಸು ಅರ್ಧದಲ್ಲೇ ನಿಂತಿತು. ಛಾವಣಿ ಕಳಚಿದ ಕಟ್ಟಡ ಕೈಯಿಂದ ಕೈಗೆ ದಾಟುತ್ತಾ 2012ರಲ್ಲಿ 40 ಕೋಟಿ ಪೌಂಡಿಗೆ ಮಲೇಶಿಯಾದ ಹೂಡಿಕೆದಾರರ ಪಾಲಾಯಿತು.

ಕೈಬಿಟ್ಟ ಕೈಗಾರಿಕಾ ಭೂಮಿಯಲ್ಲಿ ಮನೆ ಕಟ್ಟುವುದು ತಪ್ಪೇ? ಖಂಡಿತ ಅಲ್ಲ. ಹಸಿರು ಹೊಲಗಳನ್ನು ನುಂಗುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಅಲ್ಲಿ ಯಾರ ಮನೆ ಏಳುತ್ತದೆ ಎಂಬುದೇ ಪ್ರಶ್ನೆ.

ನಾಲ್ಕು ಸಾವಿರಕ್ಕೂ ಮಿಕ್ಕಿದ ಮನೆಗಳ ಈ ಯೋಜನೆಯಲ್ಲಿ 636 ಮನೆಗಳನ್ನು ಕೈಗೆಟಕುವ ದರದಲ್ಲಿ ನೀಡುವ ಒಪ್ಪಂದವಾಗಿತ್ತು. 2017ರಲ್ಲಿ ವೆಚ್ಚ ಏರಿದೆಯೆಂದು ನಿರ್ಮಾಣಗಾರರು ಮೊರೆಯಿಟ್ಟಾಗ ವಾಂಡ್ಸ್‌ವರ್ತ್ ಸ್ಥಳೀಯಾಡಳಿತ ಅದನ್ನು 386ಕ್ಕೆ ಇಳಿಸಲು ಸಮ್ಮತಿಸಿತು. ನೂರಕ್ಕೆ ಸುಮಾರು ಒಂಬತ್ತು! ಕೊಟ್ಟ ಮಾತಿನಿಂದ 250 ಕುಟುಂಬಗಳ ಸೂರನ್ನು ಒಂದೇ ತೀರ್ಮಾನದಲ್ಲಿ ಅಳಿಸಲಾಯಿತು. ಅದೇ ವಾಂಡ್ಸ್‌ವರ್ತ್‌ನ ಸರಕಾರಿ ವಸತಿಗೃಹದಲ್ಲಿ, ಬಸ್ ಚಾಲಕನ ಮಗನಾಗಿ ಬೆಳೆದ ಮೇಯರ್ ಸಾದಿಕ್ ಖಾನ್ ಈ ಕಡಿತವನ್ನು ಟೀಕಿಸಿದರು. ಆದರೂ ಅದು ನಡೆದೇ ಹೋಯಿತು.

ಇದರ ಹಿಂದಿರುವ ತಂತ್ರವನ್ನು ಅರಿಯಬೇಕು. ಇಂಗ್ಲೆಂಡಿನ ಯೋಜನಾ ಪದ್ಧತಿಯಲ್ಲಿ ನಿರ್ಮಾಣಗಾರ ಆರ್ಥಿಕ ಸಾಧ್ಯತೆಯ ಲೆಕ್ಕ ಸಲ್ಲಿಸಬಹುದು. ವೆಚ್ಚ ಹೆಚ್ಚಿ ಲಾಭ ನಿಗದಿತ ಮಟ್ಟಕ್ಕಿಂತ ಕೆಳಗಿಳಿಯುವುದೆಂದು ತೋರಿಸಿದರೆ ಕೈಗೆಟಕುವ ಮನೆಗಳ ಸಂಖ್ಯೆಯನ್ನು ತಗ್ಗಿಸಲು ಕೋರಬಹುದು. ಅಂದರೆ ಲಾಭವು ಮೊದಲ ಹಕ್ಕು, ಬಡವನ ಮನೆಯು ಮಿಕ್ಕಿದ್ದರೆ ಮಾತ್ರ! ಇದು ಯಾವ ನ್ಯಾಯ?

ಹಳೆಯ ಸ್ಥಾವರವನ್ನು ದುರಸ್ತಿಗೊಳಿಸುವುದು ದುಬಾರಿ ಎಂಬ ಸಮರ್ಥನೆಯಿದೆ. ಅದು ಸುಳ್ಳಲ್ಲ. ಶಿಥಿಲಗೊಂಡ ನಾಲ್ಕೂ ಹೊಗೆಕೊಳವೆಗಳನ್ನು ಕೆಡವಿ ಹೊಸದಾಗಿ ಕಟ್ಟಬೇಕಾಯಿತು. ಆದರೆ ಸುಮಾರು ಮೂವತ್ತು ವರ್ಷ ಪಾಳುಬಿದ್ದ ಕಟ್ಟಡವೆಂದು ಕೊಳ್ಳುವವರಿಗೆ ತಿಳಿದಿರಲಿಲ್ಲವೇ? ವ್ಯಾಪಾರದಲ್ಲಿ ಲಾಭ ಬಯಸುವವನು ನಷ್ಟದ ಸಂಭವವನ್ನೂ ತಾನೇ ಹೊರಬೇಕು. ಅದನ್ನು ಬಾಡಿಗೆ ಮನೆಗಾಗಿ ಬೀದಿ ಬೀದಿ ಅಲೆಯುವವರ ಹೆಗಲಿಗೆ ದಾಟಿಸುವುದು ವ್ಯಾಪಾರವಲ್ಲ, ಅನ್ಯಾಯ.

ವಿಪರ್ಯಾಸ ನೋಡಿ. ಈ ಹೂಡಿಕೆದಾರರಲ್ಲಿ ಮಲೇಶಿಯಾದ ನೌಕರರ ಭವಿಷ್ಯನಿಧಿಯೂ ಒಂದು. ಒಂದು ದೇಶದ ದುಡಿಯುವವರ ಮುಪ್ಪಿನ ಉಳಿತಾಯವನ್ನು ಬೆಳೆಸಲು ಇನ್ನೊಂದು ದೇಶದ ದುಡಿಯುವವರ ಸೂರು ಕಿರಿದಾಗಬೇಕೇ?

2022ರ ಅಕ್ಟೋಬರ್‌ನಲ್ಲಿ ಸ್ಥಾವರ ಸಾರ್ವಜನಿಕರಿಗೆ ತೆರೆದುಕೊಂಡಿತು. ಯಂತ್ರಗಳು ಗುಡುಗುತ್ತಿದ್ದ ಸಭಾಂಗಣಗಳಲ್ಲಿ ಈಗ ಬೆಲೆಬಾಳುವ ಅಂಗಡಿಗಳು. ಪ್ರವಾಸಿಗರು ಹೊಗೆಕೊಳವೆಗಳ ಚಿತ್ರ ತೆಗೆಯುತ್ತಾರೆ. ಪರಂಪರೆ ಉಳಿಯಿತೆಂದು ಹೊಗಳುವವರೂ ಇದ್ದಾರೆ. ಇಟ್ಟಿಗೆ ಉಳಿಯಿತು, ನಿಜ. ಆದರೆ ಆ ಸ್ಥಾವರ ಬೆಳಕು ನೀಡಿದ್ದು ಸಿರಿವಂತರ ಮನೆಗಳಿಗೆ ಮಾತ್ರವಲ್ಲ.

ಜನರ ಸ್ವತ್ತು ಎಂಬುದು ಆಳುವವರ ಕೈಯಲ್ಲಿರುವ ಅಮಾನತ್ತು. ಅದನ್ನು ಮಾರುವ ದಿನವೇ, ಬೆಲೆ ಕಟ್ಟುವ ಮುನ್ನವೇ, ಸಾಮಾನ್ಯರಿಗೆ ಎಷ್ಟು ಮನೆಗಳೆಂದು ಬದಲಿಸಲಾಗದ ಷರತ್ತಾಗಿ ಬರೆದಿಡಬೇಕು. ಆ ಷರತ್ತಿಗೆ ಒಪ್ಪದವನು ಕೊಳ್ಳದಿರಲಿ. ಕೆಡವಿದ ಹೊಗೆಕೊಳವೆಗಳನ್ನು ಅದೇ ಎತ್ತರಕ್ಕೆ ಮರಳಿ ಕಟ್ಟಲು ಸಾಧ್ಯವಾದವರಿಗೆ, ಕೊಟ್ಟ ಮಾತನ್ನು ಅದೇ ಎತ್ತರದಲ್ಲಿ ಉಳಿಸಿಕೊಳ್ಳಲು ಏಕೆ ಸಾಧ್ಯವಾಗಲಿಲ್ಲ?