ಜೇನಿಗೂ ಕಷಾಯ ಕುಡಿಸಬೇಕೇ?

ಏಪ್ರಿಲ್ ಕೊನೆಯಿಂದ ಮುಂಗಾರು ಬೀಳುವವರೆಗಿನ ದಿನಗಳು ಗದಗ ಸೀಮೆಯಲ್ಲಿ ಜೇನು ಸಾಕಿದವರಿಗೆ ಬಹಳ ಬಿಗಿಯಾದ ಕಾಲ. ಕಡಲೆ, ಕುಸುಬೆ, ಹಿಂಗಾರಿ ಜೋಳ ಎಲ್ಲಾ ಕೊಯ್ದು ಕಣ ಸೇರಿರುತ್ತದೆ. ಬೇವು, ಹೊಂಗೆ ಹೂ ಉದುರಿರುತ್ತದೆ. ಎರಿ ಹೊಲ ಬಿರುಕು ಬಿಟ್ಟು ಬಾಯಿ ತೆರೆದಿರುತ್ತದೆ. (ನಮ್ಮ ಕಡೆ ಎರಿ ಅಂದ್ರೆ ಕಪ್ಪು ಮಣ್ಣೂ ಹೌದು, ಜೇನಿನ ಹುಟ್ಟೂ ಹೌದು. ಮೇ ತಿಂಗಳಲ್ಲಿ ಎರಡೂ ಖಾಲಿ.) ಹುಣಸೆ ಗಿಡ ಹೂ ಬಿಟ್ಟರೆ ಅಷ್ಟರಮಟ್ಟಿಗೆ ಪುಣ್ಯ.

ಸರಿಯಾಗಿ ಈ ಹೊತ್ತಿಗೇ ವಾಟ್ಸಾಪ್ ಗುಂಪುಗಳಲ್ಲಿ ಜಾಹೀರಾತು ಶುರುವಾಗುತ್ತವೆ. ತುಳಸಿ, ಅರಿಶಿಣ, ಅಶ್ವಗಂಧ, ಬೆಳ್ಳುಳ್ಳಿ, ಅಜವಾನ ಸೇರಿಸಿದ "ಗಿಡಮೂಲಿಕೆ ಪುಡಿ". ಸಕ್ಕರೆ ನೀರಿಗೆ ಒಂದು ಚಮಚ ಹಾಕಿದರೆ ರೋಗ ಇಲ್ಲ, ನುಸಿ ಇಲ್ಲ, ರಾಣಿ ಎರಡು ಪಟ್ಟು ಮೊಟ್ಟೆ ಇಡುತ್ತದೆ ಅಂತ. ಲಕ್ಷ್ಮೇಶ್ವರ ತಾಲೂಕಿನಲ್ಲಿರುವ ನಮ್ಮ ಸೋದರಮಾವ ಹನ್ನೆರಡು ಪೆಟ್ಟಿಗೆ ಇಟ್ಟಿದ್ದಾರೆ. ಅವರೂ ಒಂದು ಪೊಟ್ಟಣದ ಫೋಟೋ ಕಳಿಸಿ, "ತಮ್ಮಾ, ನೀ ಇಂಜಿನಿಯರ್ ಅದಿ, ಇದ್ರಾಗ ಏನರ ಹುರುಳ ಐತೇನು ನೋಡಿ ಹೇಳು" ಅಂದರು. ನಾನು ಕೋಡ್ ಬರೆಯುವ ಇಂಜಿನಿಯರ್, ಹುಳದ ಡಾಕ್ಟರ್ ಅಲ್ಲ ಅಂದರೆ ಅವರು ಕೇಳುವವರಲ್ಲ. ಮೇ ತಿಂಗಳಲ್ಲಿ ಕುಟುಂಬ ಸತ್ತರೆ ಆಗಸ್ಟಿನ ಸೂರ್ಯಕಾಂತಿಗೆ ಹುಳ ಇರುವುದಿಲ್ಲ. ಹುಳ ಇಲ್ಲದಿದ್ದರೆ ತೆನೆ ನಡುವೆ ಜೊಳ್ಳು. ಹುಳ ತುಂಬಿದ ಹೊಸ ಪೆಟ್ಟಿಗೆ ಕೊಳ್ಳಬೇಕೆಂದರೆ ಸಾವಿರಗಟ್ಟಲೆ ರೊಕ್ಕ. ಹಾಗಾಗಿ ಕೂತು ಓದಿದೆ. ಓದಿದ್ದನ್ನು ನಿಮಗೂ ಹೇಳುತ್ತೇನೆ.

ಮೊದಲು ಒಂದು ಮಾತು. ಗಿಡಮೂಲಿಕೆಯ ಯೋಚನೆ ಪೂರ್ತಿ ಬೊಗಳೆ ಅಲ್ಲ. ಜೇನುಹುಳ ಹೂವಿನಿಂದ ತರುವುದು ಬರೀ ಸಕ್ಕರೆಯಲ್ಲ. ಮಕರಂದ, ಪರಾಗ, ಮರದ ಅಂಟಿನ ಜೊತೆಗೆ ನೂರೆಂಟು ಸಸ್ಯರಾಸಾಯನಿಕಗಳೂ ಗೂಡಿಗೆ ಬರುತ್ತವೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಮೇ ಬೆರೆನ್‌ಬಾಮ್ ಮತ್ತು ಸಂಗಡಿಗರು 2013ರಲ್ಲಿ ಒಂದು ಸಂಗತಿ ತೋರಿಸಿಕೊಟ್ಟರು: ಪರಾಗದಲ್ಲಿರುವ ಪಿ-ಕೂಮಾರಿಕ್ ಆಮ್ಲ ಎನ್ನುವ ವಸ್ತು ಹುಳದ ಹೊಟ್ಟೆಗೆ ಹೋದಾಗ, ವಿಷ ಕರಗಿಸುವ ಜೀನುಗಳು ಚುರುಕಾಗುತ್ತವೆ, ರೋಗನಿರೋಧಕ ಜೀನುಗಳೂ ಕೆಲವು ಎಚ್ಚರಗೊಳ್ಳುತ್ತವೆ. ಸಕ್ಕರೆ ನೀರಿನಲ್ಲಿ ಇದು ಯಾವುದೂ ಇಲ್ಲ. ಅಂದಮೇಲೆ ತಿಂಗಳುಗಟ್ಟಲೆ ಸಕ್ಕರೆ ನೀರಿನ ಮೇಲೇ ಬದುಕಿದ ಹುಳ, ಬರೀ ಅನ್ನ ಉಂಡ ಕೂಸಿನ ಹಾಗೆ. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ.

ಇನ್ನೊಂದು ಕಾರಣ ಹಣಕಾಸಿನದು. ಪೆಟ್ಟಿಗೆಗೆ ಆ್ಯಂಟಿಬಯಾಟಿಕ್ ಹಾಕಿದರೆ ಅದರ ಅಂಶ ಜೇನುತುಪ್ಪಕ್ಕೆ ಬರುತ್ತದೆ. 2010ರಲ್ಲಿ ಯುರೋಪಿನ ಒಕ್ಕೂಟ ಭಾರತದ ಜೇನುತುಪ್ಪವನ್ನು ತಡೆಹಿಡಿದದ್ದಕ್ಕೆ ಇಂಥ ಉಳಿಕೆಗಳೂ ಒಂದು ಕಾರಣ. ಆಮೇಲಿಂದ "ಔಷಧಿ ಬೇಡ, ಮೂಲಿಕೆ ಇರಲಿ" ಎನ್ನುವ ಮಾತು ಜೋರಾಯಿತು. ಮಾತು ಸರಿಯಾಗಿಯೇ ಇದೆ. ಆದರೆ ಯಾವ ಮೂಲಿಕೆ, ಎಷ್ಟು, ಯಾವಾಗ ಅನ್ನುವುದರಲ್ಲಿ ಎಲ್ಲಾ ಇದೆ.

ಈ ಪುಡಿಗಳಲ್ಲಿ ಗಟ್ಟಿ ಆಧಾರ ಇರುವುದು ಅಜವಾನಕ್ಕೆ. ಅದರ ಘಾಟಿಗೆ ಕಾರಣ ಥೈಮಾಲ್ ಎಂಬ ವಸ್ತು. ವರೋವ ನುಸಿಯ ವಿರುದ್ಧ ಯುರೋಪಿನಲ್ಲಿ ಥೈಮಾಲ್ ಔಷಧಿಗಳೇ ಅಧಿಕೃತವಾಗಿ ಮಾರಾಟದಲ್ಲಿವೆ. ಹುಳದ ಹೊಟ್ಟೆ ಕೆಡಿಸುವ ನೊಸೆಮಾ ರೋಗದ ಮೇಲೂ ಥೈಮಾಲ್ ಬೆರೆಸಿದ ಆಹಾರ ಒಂದಷ್ಟು ಕೆಲಸ ಮಾಡಿದ್ದನ್ನು ಇಟಲಿ, ಟರ್ಕಿಗಳ ಸಂಶೋಧಕರು ಕಂಡಿದ್ದಾರೆ. ಅದೂ ಅಲ್ಲದೆ ಸಕ್ಕರೆ ನೀರಿಗೆ ಬೂಸ್ಟು ಬರದ ಹಾಗೆ ತಡೆಯುತ್ತದೆ.

ಇಲ್ಲಿ ನನ್ನ ಒಳಗಿನ ಇಂಜಿನಿಯರ್ ಎದ್ದು ಕೂತ. ಒಂದು ಚಮಚ ಅಜವಾನ ಅಂದ್ರೆ ಹೆಚ್ಚುಕಡಿಮೆ ಎರಡು ಗ್ರಾಂ ಅನ್ನೋಣ. ಅದರಲ್ಲಿ ಎಣ್ಣೆ ಶೇ. 2ರಿಂದ 4. ಎಣ್ಣೆಯಲ್ಲಿ ಥೈಮಾಲ್ ಶೇ. 35ರಿಂದ 55ರ ಆಸುಪಾಸು, ಬೆಳೆದ ಊರು, ತಳಿ, ಎಷ್ಟು ದಿನ ಡಬ್ಬಿಯಲ್ಲಿತ್ತು ಇದರ ಮೇಲೆ. ಗುಣಿಸಿ ನೋಡಿ: ಒಂದು ಚಮಚದಲ್ಲಿ 14 ಮಿಲಿಗ್ರಾಂ ಇರಬಹುದು, 44 ಮಿಲಿಗ್ರಾಂ ಕೂಡ ಇರಬಹುದು. ಅದರಲ್ಲಿ ಬಿಸಿನೀರಿಗೆ ಇಳಿಯುವುದು ಎಷ್ಟೋ. ಪ್ರಯೋಗಾಲಯದವರು ಥೈಮಾಲನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೂಗಿ ಹಾಕುತ್ತಾರೆ. ನಾವು "ಒಂದು ಚಮಚ" ಅನ್ನುತ್ತೇವೆ. ಕಡಿಮೆಯಾದರೆ ಉಪಯೋಗವಿಲ್ಲ, ಹೆಚ್ಚಾದರೆ ಹುಳ ಆ ನೀರನ್ನು ಮುಟ್ಟುವುದೇ ಇಲ್ಲ. ಪೊಟ್ಟಣದ ಮೇಲೆ ಮೂಲಿಕೆಗಳ ಹೆಸರಿತ್ತು, ಪ್ರಮಾಣ ಇರಲಿಲ್ಲ. ಅಲ್ಲಿಗೆ ನನ್ನ ಅರ್ಧ ಅಭಿಪ್ರಾಯ ತಯಾರಾಗಿತ್ತು.

ಜೊತೆಗೆ ನಮ್ಮ ಬಿಸಿಲು. ಥೈಮಾಲ್ ಬಿಸಿಗೆ ಆವಿಯಾಗುವ ವಸ್ತು. ತಂಪು ದೇಶದಲ್ಲಿ ನಿಧಾನವಾಗಿ ಹರಡುವ ವಾಸನೆ, ನಮ್ಮ 39-40 ಡಿಗ್ರಿಯಲ್ಲಿ ಒಂದೇ ಏಟಿಗೆ ಪೆಟ್ಟಿಗೆ ತುಂಬಿಕೊಳ್ಳುತ್ತದೆ. ಹುಳ ಹೊರಗೆ ಬಂದು ಗಡ್ಡದ ಹಾಗೆ ಜೋತುಬೀಳುತ್ತದೆ. ತುಡುವೆ ಜೇನಂತೂ ಮೊದಲೇ ಮುನಿಸಿನ ಜಾತಿ, ಗೂಡು ಬಿಟ್ಟು ಹೋಗಲು ಅದಕ್ಕೆ ಒಂದು ನೆಪ ಸಾಕು. ಹಾಗಾಗಿ ನುಸಿಗೆಂದು ಪೆಟ್ಟಿಗೆಯಲ್ಲಿಡುವ ಥೈಮಾಲ್ ಮೇ ತಿಂಗಳಿಗಂತೂ ಅಲ್ಲ.

ಅರಿಶಿಣದ ಕತೆ ಬೇರೆ. ಅದರ ಕರ್ಕ್ಯುಮಿನ್ ತಿಂದ ಹುಳಗಳು ಹೆಚ್ಚು ದಿನ ಬದುಕಿದ್ದನ್ನು ಪೋಲೆಂಡಿನ ಸಂಶೋಧಕರು ದಾಖಲಿಸಿದ್ದಾರೆ. ಆದರೆ ಅದು ಪಂಜರದೊಳಗಿನ ಹುಳಗಳ ಮಾತು. ಮೂಲಿಕೆಗಳ ಮೇಲಿನ ಬಹಳಷ್ಟು ಪ್ರಯೋಗಗಳು ಹೀಗೇ, ಪುಟ್ಟ ಪಂಜರದಲ್ಲಿ ಒಂದಷ್ಟು ಹುಳ, ಹದವಾದ ಶಾಖ, ಅಳೆದ ಆಹಾರ. ರಾಣಿ ಇಲ್ಲ, ಮರಿ ಇಲ್ಲ, ಕಣಜ ಇಲ್ಲ, ಪಕ್ಕದ ಹೊಲದ ಕೀಟನಾಶಕ ಇಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಡೆವಲಪರ್ ಲ್ಯಾಪ್‌ಟಾಪಿನಲ್ಲಿ ಓಡಿದ ಸಾಫ್ಟ್‌ವೇರ್. ಇನ್ನು ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೂ ಇಲ್ಲ. ಸಕ್ಕರೆ ನೀರಿಗೆ ಹಾಕಿದರೆ ತಳಕ್ಕೆ ಕೂರುತ್ತದೆ.

ಬೇವಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು, ಯಾಕಂದ್ರೆ ನಮ್ಮವರಿಗೆ ಬೇವು ಅಂದ್ರೆ ದೇವರು. ಮಾಮಾ ಕೂಡ "ಬೇವಿನ ರಸ ಹಾಕಿದ್ರ ನುಸಿ ಸಾಯ್ತಾವಲ್ಲೋ?" ಅಂದರು. ನುಸಿ ಸಾಯಬಹುದು. ಆದರೆ ಹೊಲದಲ್ಲಿ ನಾವು ಬೇವಿನ ಕಷಾಯ ಹೊಡೆಯುವುದೇ ಹುಳ ಬೆಳೆಯದಿರಲಿ ಅಂತ, ಜೇನೂ ಹುಳವೇ. ಕೆನಡಾದಲ್ಲಿ ಬೇವಿನೆಣ್ಣೆ ಸಿಂಪಡಿಸಿ ನೋಡಿದಾಗ ನುಸಿ ಕಡಿಮೆಯಾಯಿತು, ಜೊತೆಗೆ ಹುಳದ ಸಂಖ್ಯೆಯೂ ಇಳಿಯಿತು, ರಾಣಿಗಳೂ ಕಳೆದುಹೋದವು. ಹೂ ಬಿಟ್ಟ ಬೇವಿನ ಮರ ಜೇನಿಗೆ ಹಬ್ಬ. ಎಣ್ಣೆ, ಕಷಾಯ ಮಾತ್ರ ಪೆಟ್ಟಿಗೆಯ ಹತ್ತಿರ ಬೇಡ.

ಕಪ್ಪತಗುಡ್ಡದ ಹೆಸರು ಹೇಳಿ ಮಾರುವವರೂ ಇದ್ದಾರೆ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಿಗೆ ಹರಡಿದ ಆ ಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದದ್ದು ನಿಜ. ಆದರೆ 2019ರಲ್ಲಿ ಅದರ 244 ಚದರ ಕಿಲೋಮೀಟರಿನಷ್ಟು ಜಾಗ ವನ್ಯಜೀವಿ ಧಾಮವಾಗಿದೆ. ಅಲ್ಲಿಂದ ಬೇರು ಕಿತ್ತು ತರುವುದು ಅಪರಾಧ. ಗುಡ್ಡದ ಮೂಲಿಕೆಯ ಲಾಭ ಜೇನಿಗೆ ಸಿಗಬೇಕೆಂದರೆ ಅವು ಹೂ ಬಿಟ್ಟು ನಿಂತಿರಬೇಕು, ಪುಡಿಯಾಗಿ ಪೊಟ್ಟಣ ಸೇರಬಾರದು.

ಓದುತ್ತಾ ಹೋದಂತೆ ನನಗೆ ಬಹಳ ಖುಷಿ ಕೊಟ್ಟ ಸಂಗತಿ ಬೇರೆಯೇ. 2018ರಲ್ಲಿ ಅಮೆರಿಕದ ಒಂದು ತಂಡ ಸೂರ್ಯಕಾಂತಿ ಪರಾಗ ತಿನ್ನಿಸಿದ ಜೇನುಹುಳಗಳಲ್ಲಿ ನೊಸೆಮಾ ಸೋಂಕು ಕಡಿಮೆಯಾದದ್ದನ್ನು ಪ್ರಕಟಿಸಿತು. ದುಂಬಿಗಳಲ್ಲಿ ಇನ್ನೊಂದು ಹೊಟ್ಟೆರೋಗದ ಮೇಲೆ ಅದರ ಪರಿಣಾಮ ಇನ್ನೂ ಜೋರಾಗಿತ್ತು. ಅಂದ್ರೆ ನೋಡ್ರಿ, ನಮ್ಮ ಹೊಲದಾಗೇ ಔಷಧಿ ಐತಿ. ಸೂರ್ಯಕಾಂತಿ ಪರಾಗದಲ್ಲಿ ಪ್ರೋಟೀನು ಕಡಿಮೆ, ಅದೊಂದೇ ಸಾಲದು. ಜೋಳ, ಗೋವಿನಜೋಳದ ತೆನೆಯಿಂದಲೂ ಹುಳ ಪರಾಗ ತರುತ್ತದೆ, ಮಕರಂದ ಅಲ್ಲಿ ಇಲ್ಲ. ಹೆಸರು, ಗುರೆಳ್ಳು, ಕುಸುಬೆ, ಈರುಳ್ಳಿ ಬೀಜದ ಮಡಿ ಎಲ್ಲಾ ಬೆರೆತಾಗಲೇ ಊಟ ಪೂರ್ತಿ. ದುಃಖದ ವಿಷಯ ಅಂದ್ರೆ ಸೂರ್ಯಕಾಂತಿ ಬೆಳೆಯುವುದರಲ್ಲಿ ಕರ್ನಾಟಕ ದೇಶಕ್ಕೇ ಮುಂದಿದ್ದರೂ ಎರಡು ದಶಕಗಳಲ್ಲಿ ಅದರ ಕ್ಷೇತ್ರ ಬಹಳ ಕುಗ್ಗಿದೆ, ಎಷ್ಟೋ ಕಡೆ ಗೋವಿನಜೋಳ ಆ ಜಾಗ ಹಿಡಿದಿದೆ.

ಇಷ್ಟೆಲ್ಲಾ ಹೇಳಿದ ಮೇಲೆ ಮಾಮಾ ಕೇಳಿದ್ದು ಒಂದೇ: "ಹಂಗಾರ ಏನ್ ಹಾಕ್ಲಿ?"

ಬಿಳಿ ಸಕ್ಕರೆ, ಅಷ್ಟೇ ತೂಕದ ನೀರು. ನೀರು ಕುದಿಸಿ ಒಲೆಯಿಂದ ಇಳಿಸಿ ಆಮೇಲೆ ಸಕ್ಕರೆ ಕರಗಿಸಬೇಕು, ಪಾಕದ ಹಾಗೆ ಕುದಿಸಬಾರದು. ಲಿಂಬೆರಸ ಹಿಂಡುವ ರೂಢಿ ಕೆಲವರಿಗಿದೆ. ಹುಳಿ ಹಾಕಿ ಕಾಯಿಸಿದರೆ ಎಚ್‌ಎಂಎಫ್ ಎಂಬ ವಸ್ತು ಹುಟ್ಟುತ್ತದೆ, ಅದು ಜೇನಿಗೆ ವಿಷ. ಬೆಲ್ಲ ಬೇಡವೇ ಬೇಡ. ನಮಗೆ ಬೆಲ್ಲ ಒಳ್ಳೆಯದು, ಆದರೆ ಅದರಲ್ಲಿರುವ ಖನಿಜ, ಕಲ್ಮಷ ಹುಳಕ್ಕೆ ಜೀರ್ಣವಾಗದೆ ಭೇದಿಯಾಗುತ್ತದೆ. ಬೇರೆಯವರ ಪೆಟ್ಟಿಗೆಯ ಜೇನುತುಪ್ಪವನ್ನೂ ಕೊಡಬಾರದು, ರೋಗ ಜೊತೆಗೇ ಬರುತ್ತದೆ. ಸಂಜೆ ಹೊತ್ತು ಪೆಟ್ಟಿಗೆಯ ಒಳಗೇ ಇಡಬೇಕು. ಹಗಲಲ್ಲಿ ಹೊರಗೆ ಚೆಲ್ಲಿದರೆ ಬಲವಾದ ಕುಟುಂಬ ಬಂದು ಬಲಹೀನ ಪೆಟ್ಟಿಗೆಯನ್ನೇ ಲೂಟಿ ಮಾಡುತ್ತದೆ. ಹುಳ ಮುಳುಗದ ಹಾಗೆ ನಾಲ್ಕು ಕಡ್ಡಿ ತೇಲಿಬಿಡಿ. ಉಳಿದದ್ದನ್ನು ಮರುದಿನ ಚೆಲ್ಲಿಬಿಡಿ, ನಮ್ಮ ಬಿಸಿಲಿಗೆ ಹುಳಿ ಬರಲು ಒಂದು ದಿನ ಸಾಕು.

ಪರಾಗದ ಬದಲಿಗೆ ಪುಟಾಣಿ ಹಿಟ್ಟು, ಎಣ್ಣೆ ತೆಗೆದ ಸೋಯಾ ಹಿಟ್ಟು, ಯೀಸ್ಟ್, ಕೆನೆ ತೆಗೆದ ಹಾಲಿನ ಪುಡಿಯನ್ನು ಸಕ್ಕರೆ ಪಾಕದಲ್ಲಿ ನಾದಿ ಚಪಾತಿಯ ಹಾಗೆ ತಟ್ಟಿ ಎರಿಗಳ ಮೇಲೆ ಇಡುವುದುಂಟು. ಹಸಿ ಸೋಯಾ ಅರಗುವುದಿಲ್ಲ, ಹುರಿದದ್ದೇ ಆಗಬೇಕು. ಸೊರಗಿದ ಪೆಟ್ಟಿಗೆಗೆ ಮೂಲಿಕೆ ಪುಡಿಗಿಂತ ಈ ರೊಟ್ಟಿ ಮೊದಲು ಬೇಕು ಎನ್ನುವುದು ನನ್ನ ಅಭಿಪ್ರಾಯ, ಯಾಕಂದ್ರೆ ಪ್ರೋಟೀನಿಲ್ಲದೆ ಮರಿ ಬೆಳೆಯುವುದಿಲ್ಲ.

ಇದಕ್ಕಿಂತ ಒಳ್ಳೆಯ ದಾರಿ ಒಂದಿದೆ, ಪೆಟ್ಟಿಗೆಯನ್ನೇ ಹೂವಿನ ಹತ್ತಿರ ಒಯ್ಯುವುದು. ಮುಂಡರಗಿ ತಾಲೂಕಿನ ತುಂಗಭದ್ರೆಯ ದಂಡೆ, ಹಮ್ಮಿಗಿ ಬ್ಯಾರೇಜಿನ ಸುತ್ತ ನೀರಾವರಿ ಇದೆ. ತೆಂಗಿನ ಹೊಂಬಾಳೆಗೆ ಬೇಸಿಗೆ, ಮಳೆಗಾಲ ಎನ್ನುವ ಭೇದವಿಲ್ಲ. ಬಾಗಿಲಿಗೆ ಜಾಳಿಗೆ ಬಡಿದು ರಾತ್ರಿ ಟಾಟಾ ಏಸ್‌ನಲ್ಲಿ ಹಾಕಿಕೊಂಡು ಹೋದರೆ ಬೆಳಗಾಗುವುದರೊಳಗೆ ಇಳಿಸಬಹುದು. ಅಲ್ಲಿ ತೋಟ ಇರುವ ಬೀಗರು ಒಬ್ಬರು ಸಿಕ್ಕರೆ ಸಾಕು. ಮಾಮಾ ಈಗ ಆ ಹುಡುಕಾಟದಲ್ಲಿದ್ದಾರೆ.

ಅಜವಾನದ ಆಸೆ ಮಾತ್ರ ಅವರಿಗೆ ಪೂರ್ತಿ ಹೋಗಿಲ್ಲ. ನನಗೂ ಕುತೂಹಲ ಇದೆ. ಹಾಗಾಗಿ ಮಳೆ ಬಿದ್ದು ತಂಪಾದ ಮೇಲೆ ಹುಳದ ಬಲ ನೋಡಿ ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಬರೀ ಸಕ್ಕರೆ ನೀರು, ಇನ್ನೊಂದಕ್ಕೆ ತೆಳುವಾದ ಅಜವಾನದ ನೀರು ಬೆರೆಸಿದ್ದು ಕೊಡುವುದೆಂದು ಮಾತಾಗಿದೆ. ಹತ್ತು ದಿನಕ್ಕೊಮ್ಮೆ ಮರಿ ಇರುವ ಎರಿ ಎಣಿಸಿ ಬರೆದಿಡುವುದು. ಹನ್ನೆರಡು ಪೆಟ್ಟಿಗೆಯಿಂದ ವಿಜ್ಞಾನ ಸಿದ್ಧವಾಗುವುದಿಲ್ಲ, ಒಂದು ರಾಣಿ ಮುದಿಯಾಗಿದ್ದರೂ ಲೆಕ್ಕ ತಲೆಕೆಳಗು. ಆದರೂ "ಹಾಕಿದೆ, ಚಲೋ ಆತು" ಅನ್ನುವುದಕ್ಕಿಂತ ಇದು ಮೇಲು. ಪೊಟ್ಟಣ ಕೊಳ್ಳುವವರು ಸಹ ಅರ್ಧ ಪೆಟ್ಟಿಗೆಗೆ ಹಾಕದೆ ಬಿಟ್ಟು ನೋಡಿ.

ಮತ್ತೆ, ಸೂರ್ಯಕಾಂತಿ ಮೊಗ್ಗು ಬಿರಿಯುವ ಮೊದಲೇ ಸಕ್ಕರೆ ನೀರು, ಪುಡಿ ಎಲ್ಲಾ ತೆಗೆದುಬಿಡಬೇಕು. ಮೇಲಿನ ಜೇನು ಕೋಣೆ ಇಟ್ಟ ಮೇಲೂ ಕೊಟ್ಟರೆ ಹುಳ ಅದನ್ನೇ ತುಂಬಿಡುತ್ತದೆ, ಆಗ ನೀವು ಮಾರುವುದು ಸಕ್ಕರೆ, ಜೊತೆಗೆ ಅಜವಾನದ ವಾಸನೆ. ಜೇನುತುಪ್ಪದಲ್ಲಿ ಸಕ್ಕರೆ ಪಾಕದ ಕಲಬೆರಕೆ ಇದೆ ಎಂದು 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಹೇಳಿದಾಗ ದೇಶವೆಲ್ಲಾ ಗದ್ದಲವಾಗಿತ್ತು. ಹಳ್ಳಿಯ ಜೇನು ಅಂತ ನಂಬಿ ನಮ್ಮ ಹತ್ತಿರ ಬರುವವರಿಗೆ ಅದೇ ಸಿಗಬಾರದಲ್ಲ.

ಶಿರಹಟ್ಟಿ, ಮುಂಡರಗಿ ಕಡೆಯ ಓದುಗರು ಮೇ ತಿಂಗಳಲ್ಲಿ ನಿಮ್ಮೂರಿನ ಜೇನು ಯಾವ ಗಿಡದ ಮೇಲೆ ಕೂರುತ್ತದೆ ನೋಡಿ ಬರೆಯಿರಿ. ಪಟ್ಟಿ ಮಾಡಿ ಮಾಮಾನಿಗೂ ಕೊಡುತ್ತೇನೆ, ಮುಂದಿನ ಕಂತಿನಲ್ಲೂ ಹಾಕುತ್ತೇನೆ.