ಸಂಖ್ಯೆಯ ಹಿಂದಿನ ಹೆಸರು

ಸಿರಿಗೇರಿಯ ಗದ್ದೆಗಳಿಗೆ ಇಂದು ತುಂಗಭದ್ರೆಯ ಕಾಲುವೆ ನೀರುಣಿಸುತ್ತಿದೆ. ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ 1876-78ರಲ್ಲಿ, ಇದೇ ಬಳ್ಳಾರಿ ಸೀಮೆಯ ನೆಲ ಬಾಯ್ದೆರೆದಿತ್ತು. ಬರದ ಕಾಮಗಾರಿಯಲ್ಲಿ ದಿನವಿಡೀ ದುಡಿದ ಆಳಿಗೆ 1877ರಲ್ಲಿ ರಿಚರ್ಡ್ ಟೆಂಪಲ್ ಗೊತ್ತುಮಾಡಿದ ಕೂಲಿ ಒಂದು ಪೌಂಡು ಧಾನ್ಯ, ಮೇಲಿಷ್ಟು ಚಿಲ್ಲರೆ ಕಾಸು.

ಬಳ್ಳಾರಿ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಮದರಾಸು, ಕಲ್ಕತ್ತೆಗಳ ರೇವುಗಳಿಂದ 1860 ಮತ್ತು 1911ರ ನಡುವೆ ದಕ್ಷಿಣ ಆಫ್ರಿಕದ ನೆಟಾಲಿಗೆ ಹಡಗೇರಿದ ಕರಾರು ಕೂಲಿಗಳು ಒಂದೂವರೆ ಲಕ್ಷಕ್ಕೂ ಮಿಕ್ಕು. ಬಿಳಿಯರ ಕಬ್ಬಿನ ತೋಟಗಳಲ್ಲಿ ಐದು ವರ್ಷದ ದುಡಿಮೆ ಅವರ ಕರಾರು.

ಚರಿತ್ರಕಾರ ಸುರೇಂದ್ರ ಭಾನಾ ಆ ಹಡಗುಗಳ ಪಟ್ಟಿಗಳನ್ನೇ ಆಧರಿಸಿ 1991ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಪಟ್ಟಿಯಲ್ಲಿ ಆಳಿಗೊಂದು ಸಂಖ್ಯೆ. ಜೊತೆಗೆ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಊರು. ಗುಮಾಸ್ತನು ಕೂಲಿಯ ಲೆಕ್ಕಕ್ಕೆಂದು ಬರೆದುದರಲ್ಲಿ ಚರಿತ್ರಕಾರನು ಮನುಷ್ಯರ ಗುರುತನ್ನು ಹುಡುಕಿದನು.

ಕಾಲುವೆ ಬಂದ ಮೇಲೆ ಆಂಧ್ರದ ಕರಾವಳಿಯ ರೈತರು ಸಿರುಗುಪ್ಪ ಸೀಮೆಯಲ್ಲಿ ಭೂಮಿ ಕೊಂಡು ನೆಲೆಸಿದರು. ಅವರ ನೆಲೆಗಳಿಗೆ ‘ಕ್ಯಾಂಪು’ ಎಂಬ ಹೆಸರು ಇಂದಿಗೂ ಉಳಿದಿದೆ. ಹೊಲ ಕೊಂಡವರ ಹೆಸರು ಪಹಣಿಯಲ್ಲಿ ದಾಖಲಾಗುತ್ತದೆ. ಮಳೆ ಕೈಕೊಟ್ಟಾಗ ಮನೆಗೆ ಬೀಗ ಜಡಿದು, ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೊರಡುವ ಬಡವರ ಹೆಸರನ್ನು ಯಾರು ಬರೆದಿಡುವರು? ಆ ಕೂಲಿಯ ಹಡಗಿಗಾದರೂ ಒಂದು ಪಟ್ಟಿಯಿತ್ತು.